ಇಂಗ್ಲಿಷ್ ಪದಕ್ಕೆ ಒತ್ತು ಎಲ್ಲಿ ಹಾಕಬೇಕು? ಕನ್ನಡಿಗರಿಗೆ ಹಂತ ಹಂತವಾಗಿ

ವ್ಯಾಕರಣ ಸರಿಯಿದೆ, ಪದಗಳೂ ಗೊತ್ತಿವೆ. ಆದರೂ ಹೊರದೇಶದವರ ಜೊತೆ ಫೋನಿನಲ್ಲಿ ಮಾತಾಡುವಾಗ ಆ ಕಡೆಯಿಂದ "ಸಾರಿ?" ಅಂತ ಮತ್ತೆ ಮತ್ತೆ ಕೇಳುತ್ತಾರೆ. ಆಗ ಹೆಚ್ಚಿನವರು ಯೂಟ್ಯೂಬಿನಲ್ಲಿ "ಅಮೆರಿಕನ್ ಆಕ್ಸೆಂಟ್" ಅಂತ ಹುಡುಕುತ್ತಾರೆ. ನಾಲಿಗೆ ಮಡಿಸಿ ರಕಾರ ಎಳೆಯುವುದು, ವಾಟರ್ ಅನ್ನು ವಾಡರ್ ಮಾಡುವುದು, ಹೀಗೆ ತಿಂಗಳುಗಟ್ಟಲೆ ಸರ್ಕಸ್ ನಡೆಯುತ್ತದೆ. "ಸಾರಿ?" ಮಾತ್ರ ನಿಲ್ಲುವುದಿಲ್ಲ. ಏಕೆಂದರೆ ಕೆಟ್ಟಿರುವುದು ಒಂದು ಕಡೆ, ರಿಪೇರಿ ನಡೆಯುತ್ತಿರುವುದು ಇನ್ನೊಂದು ಕಡೆ.

ಆಕ್ಸೆಂಟ್ ಅನ್ನುವಾಗ ನಾವು ಎರಡು ವಿಷಯ ಬೆರೆಸಿಬಿಡುತ್ತೇವೆ. ಒಂದು, ಊರಿನ ಧಾಟಿ. ಧಾರವಾಡದವರು, ಮಂಗಳೂರಿನವರು, ಮಂಡ್ಯದವರು ಕನ್ನಡ ಮಾತಾಡಿದರೆ ಎರಡು ವಾಕ್ಯದಲ್ಲೇ ಗೊತ್ತಾಗುತ್ತದೆ ಅಲ್ವಾ, ಅದು. ಇಂಗ್ಲಿಷ್ ಮಾತಾಡುವಾಗಲೂ ಆ ಧಾಟಿ ಇರುತ್ತದೆ. ಇರಲಿ ಬಿಡಿ, ಅದನ್ನು ಅಳಿಸುವ ಅಗತ್ಯವಿಲ್ಲ. ಇನ್ನೊಂದು, ಒತ್ತು. ಪದದ ಯಾವ ತುಂಡಿನ ಮೇಲೆ ಭಾರ ಬೀಳಬೇಕು ಅನ್ನುವುದು. ಇಂಗ್ಲಿಷ್ ಕಿವಿ ಪದವನ್ನು ಗುರುತು ಹಿಡಿಯುವುದಕ್ಕೆ ಇದನ್ನು ತುಂಬಾ ನಂಬಿಕೊಂಡಿದೆ. ಒತ್ತು ತಪ್ಪಾದರೆ ಗೊತ್ತಿರುವ ಪದವೂ ಬೇರೆ ಪದದಂತೆ ಕೇಳುತ್ತದೆ. ಈ ಮಾರ್ಗದರ್ಶಿ ಇರುವುದು ಈ ಎರಡನೆಯದಕ್ಕೆ.

ನಮಗೆ ಇದು ಕಷ್ಟವಾಗುವುದಕ್ಕೆ ಕಾರಣವಿದೆ. ಕನ್ನಡದಲ್ಲಿ ಉದ್ದ-ಗಿಡ್ಡದಿಂದ ಅರ್ಥ ಬದಲಾಗುತ್ತದೆ: ಬಳೆ, ಬಾಳೆ. ಒತ್ತಕ್ಷರದಿಂದ ಬದಲಾಗುತ್ತದೆ: ಕತೆ, ಕತ್ತೆ. ಆದರೆ ಭಾರ ಎಲ್ಲಿ ಹಾಕಿದರೂ ಅರ್ಥ ಬದಲಾಗುವುದಿಲ್ಲ. ಮೈಸೂರಿನ "ಸೂ" ಮೇಲೆ ಜೋರು ಮಾಡಿದರೂ ಅದು ಮೈಸೂರೇ. ಹಾಗಾಗಿ ನಮ್ಮ ಕಿವಿ ಈ ಭಾರವನ್ನು ಗಮನಿಸುವುದನ್ನೇ ಕಲಿತಿಲ್ಲ.

ಬೇಕಾಗುವ ಸಾಮಾನು

ಧ್ವನಿ ಇರುವ ಆನ್‌ಲೈನ್ ನಿಘಂಟು ಒಂದು ಬೇಕೇ ಬೇಕು. ಕೇಂಬ್ರಿಡ್ಜ್, ಲಾಂಗ್‌ಮನ್, ಆಕ್ಸ್‌ಫರ್ಡ್ ಲರ್ನರ್ಸ್, ಇವುಗಳಲ್ಲಿ ಯಾವುದಾದರೂ ಸರಿ. ಮೂರೂ ಉಚಿತ. ಬ್ರಿಟಿಷ್ ಮತ್ತು ಅಮೆರಿಕನ್ ಉಚ್ಚಾರಕ್ಕೆ ಬೇರೆ ಬೇರೆ ಗುಂಡಿಗಳಿರುತ್ತವೆ. ಕನ್ನಡ ಲಿಪಿಯಲ್ಲಿ ಉಚ್ಚಾರ ಬರೆದು ಒತ್ತಿನ ಗುರುತು ಹಾಕದ ಪುಸ್ತಕ ಈ ಕೆಲಸಕ್ಕೆ ಬರುವುದಿಲ್ಲ.

ಜೊತೆಗೆ ಫೋನಿನ ವಾಯ್ಸ್ ರೆಕಾರ್ಡರ್, ಇಯರ್‌ಫೋನ್, ಒಂದು ನೋಟ್‌ಬುಕ್, ಒಂದು ದಪ್ಪ ರಬ್ಬರ್ ಬ್ಯಾಂಡ್. ಯೂಗ್ಲಿಷ್ ಅನ್ನುವ ಜಾಲತಾಣವೂ ಒಳ್ಳೆಯದು. ಪದ ಟೈಪ್ ಮಾಡಿದರೆ ಯೂಟ್ಯೂಬ್ ವಿಡಿಯೋಗಳಲ್ಲಿ ಜನ ಆ ಪದ ಹೇಳಿದ ಜಾಗಗಳನ್ನೇ ತೋರಿಸುತ್ತದೆ. ದುಡ್ಡು ಕೊಟ್ಟು ಆ್ಯಪ್ ಕೊಳ್ಳುವ ಅಗತ್ಯ ಈಗ ಇಲ್ಲ.

ಒಂದು ಸೂಚನೆ. ಈ ಬರಹದಲ್ಲಿ ಭಾರ ಬೀಳುವ ತುಂಡಿನ ಮುಂಚೆ ˈ ಗುರುತು ಹಾಕಿದ್ದೇನೆ. ನಿಘಂಟಿನಲ್ಲಿ ಇರುವುದೂ ಇದೇ ಗುರುತು, ಅದೇ ಜಾಗದಲ್ಲಿ. ಕನ್ನಡ ಲಿಪಿಯಲ್ಲಿ ಇಂಗ್ಲಿಷ್ ಸದ್ದು ಪೂರ್ತಿ ಹಿಡಿಸುವುದಿಲ್ಲ. ಹಾಗಾಗಿ ಇಲ್ಲಿ ಓದಿದ್ದನ್ನು ನಿಘಂಟಿನ ಧ್ವನಿಯಲ್ಲಿ ಕೇಳಿ ನೋಡಿ.

ಹಂತ 1: ನಿಮ್ಮದೇ ಪದಗಳ ಪಟ್ಟಿ ಮಾಡಿ

"ತಪ್ಪಾಗಿ ಉಚ್ಚರಿಸುವ 500 ಪದಗಳು" ಥರದ ಪಟ್ಟಿಗಳನ್ನು ಮುಟ್ಟಬೇಡಿ. ಅದರಲ್ಲಿ ಮುಕ್ಕಾಲು ಪಾಲು ನೀವು ಎಂದೂ ಹೇಳದ ಪದಗಳು. ನೀವು ದಿನಾ ಕೆಲಸದಲ್ಲಿ ಹೇಳುವ 30 ಪದ ಬರೆದುಕೊಳ್ಳಿ. ನಿಮ್ಮ ಹುದ್ದೆಯ ಹೆಸರು, ಕಂಪನಿಯ ಹೆಸರು, ಪ್ರಾಜೆಕ್ಟಿನ ಹೆಸರು ಮೊದಲು ಬರಲಿ. ಇಂಟರ್‌ವ್ಯೂನಲ್ಲಿ ಮೊದಲ ನಿಮಿಷದಲ್ಲೇ ಬಾಯಿಗೆ ಬರುವುದು ಇವೇ.

ಸಾಫ್ಟ್‌ವೇರಿನವರ ಪಟ್ಟಿಯಲ್ಲಿ ಡಿˈವೆಲಪರ್, ಕಂˈಪೋನೆಂಟ್, ˈಆಲ್ಗರಿದಮ್ ಇರಬಹುದು. ಲೆಕ್ಕಪತ್ರದವರಿಗೆ ಅˈಕೌಂಟಂಟ್, ˈಇನ್ವಾಯ್ಸ್. ಡೇಟಾ ಕೆಲಸದವರು ಒಂದು ಜೋಡಿ ನೋಡಿ: ˈಆ್ಯನಲಿಸ್ಟ್, ಆದರೆ ಅˈನ್ಯಾಲಸಿಸ್. ಒಂದೇ ಮನೆಯ ಪದಗಳು, ಭಾರ ಮಾತ್ರ ಬೇರೆ ಬೇರೆ ಕಡೆ.

ಹಂತ 2: ಪದವನ್ನು ಸದ್ದಿನ ಪ್ರಕಾರ ತುಂಡು ಮಾಡಿ

ಅಕ್ಷರ ನೋಡಿ ತುಂಡು ಮಾಡಬೇಡಿ. ಗದ್ದದ ಕೆಳಗೆ ಕೈ ಇಟ್ಟುಕೊಂಡು ನಿಧಾನವಾಗಿ ಹೇಳಿ. ಗದ್ದ ಎಷ್ಟು ಸಲ ಕೆಳಗೆ ಬಂತೋ ಸುಮಾರಾಗಿ ಅಷ್ಟು ತುಂಡು.

ನಾವು ಇಲ್ಲಿ ಎರಡು ಥರ ಎಡವುತ್ತೇವೆ. ಮೊದಲನೆಯದು, ಇಲ್ಲದ ತುಂಡು ಸೇರಿಸುವುದು. ಕನ್ನಡದ ಪದಗಳು ಹೆಚ್ಚಾಗಿ ಸ್ವರದಲ್ಲಿ ಮುಗಿಯುತ್ತವೆ. ಹಾಗಾಗಿ ಬಸ್ ನಮ್ಮ ಬಾಯಲ್ಲಿ ಬಸ್ಸು ಆಗುತ್ತದೆ, ಒಂದು ತುಂಡು ಎರಡಾಗುತ್ತದೆ. ಸ್ಕೂಲ್ "ಇಸ್ಕೂಲು" ಆದರೆ ಒಂದು ಮೂರಾಯಿತು. ಫಿಲ್ಮ್ ಒಂದೇ ತುಂಡು, "ಫಿಲಂ" ಅಂದರೆ ಎರಡು.

ಎರಡನೆಯದು, ಸ್ಪೆಲ್ಲಿಂಗ್ ನಂಬಿ ಎಲ್ಲ ಅಕ್ಷರ ಓದುವುದು. ಕಂಫರ್ಟೇಬಲ್ ನಾಲ್ಕು ತುಂಡು ಅಂದುಕೊಂಡಿದ್ದೇವೆ. ಮಾತಿನಲ್ಲಿ ಸಾಮಾನ್ಯವಾಗಿ ಮೂರೇ: ˈಕಮ್ಫ್-ಟ-ಬಲ್. ವೆಜಿಟೇಬಲ್ ಕೂಡ ಮೂರು: ˈವೆಜ್-ಟ-ಬಲ್. ಬಿಸಿನೆಸ್ ಎರಡು: ˈಬಿಜ್-ನಸ್. ಚಾಕೊಲೇಟ್ ಎರಡು: ˈಚಾಕ್-ಲಟ್.

ಹಂತ 3: ಗುರುತು ಹುಡುಕಿ, ಪಟ್ಟಿಯಲ್ಲಿ ಹಾಕಿಕೊಳ್ಳಿ

ನಿಘಂಟಿನಲ್ಲಿ ಉಚ್ಚಾರದ ಸಾಲಿನಲ್ಲಿ ಮೇಲ್ಗಡೆ ಒಂದು ಪುಟ್ಟ ನಿಂತ ಗೆರೆ ಇರುತ್ತದೆ. ಅದರ ನಂತರ ಬರುವ ತುಂಡಿಗೆ ಭಾರ. ಇದನ್ನು ಉಲ್ಟಾ ಓದುವವರು ತುಂಬಾ ಜನ. ಗೆರೆಯ ಹಿಂದಿನ ತುಂಡಿಗೆ ಭಾರ ಹಾಕಿ ತಿಂಗಳು ಪೂರ್ತಿ ತಪ್ಪನ್ನೇ ಅಭ್ಯಾಸ ಮಾಡಿಬಿಡುತ್ತಾರೆ. ಮನೆಯಲ್ಲಿ ಹಳೆಯ ಅಚ್ಚಿನ ನಿಘಂಟು ಇದ್ದರೆ ಇನ್ನೂ ಹುಷಾರು. ಕೆಲವದರಲ್ಲಿ ಗುರುತು ತುಂಡಿನ ನಂತರ ಬರುತ್ತದೆ. ಆ ನಿಘಂಟಿನ ಮೊದಲ ಪುಟಗಳಲ್ಲಿ ವಿವರಣೆ ಇರುತ್ತದೆ, ಓದಿಕೊಳ್ಳಿ.

ಕೆಳಗಡೆ ಇರುವ ಗೆರೆ ಚಿಕ್ಕ ಒತ್ತು. ಸದ್ಯಕ್ಕೆ ಅದನ್ನು ಲೆಕ್ಕಕ್ಕೆ ತಗೋಬೇಡಿ.

ಕನ್ನಡಿಗರು ಹೆಚ್ಚಾಗಿ ಮೊದಲ ತುಂಡಿಗೇ ಭಾರ ಹಾಕುತ್ತೇವೆ, ಇಲ್ಲವೇ ಎಲ್ಲಿ ದೀರ್ಘ ಕಾಣುತ್ತದೋ ಅಲ್ಲಿಗೆ. ಹಾಗಾಗಿ ಮೊದಲು ಪರೀಕ್ಷೆ ಮಾಡಬೇಕಾದ ಪದಗಳು ಇವು:

ಹೋˈಟೆಲ್
ಪˈಲೀಸ್
ಇˈವೆಂಟ್
ಡಿˈವೆಲಪ್
ಕˈಮಿಟಿ
ಡಿˈಟರ್ಮಿನ್ (ಕೊನೆಗೆ "ಮೈನ್" ಇಲ್ಲ)
ಇˈಕಾನಮಿ
ಎಂಜಿˈನಿಯರ್
ˈಇಂಡಸ್ಟ್ರಿ
ˈಕ್ಯಾರಕ್ಟರ್

ಬ್ರಿಟನ್ನಿನಲ್ಲಿ ಒಂದು ಥರ, ಅಮೆರಿಕದಲ್ಲಿ ಒಂದು ಥರ ಇರುವ ಪದಗಳೂ ಇವೆ. ಅಡ್ವರ್ಟೈಸ್‌ಮೆಂಟ್ ಬ್ರಿಟನ್ನಿನಲ್ಲಿ ಅಡ್ˈವರ್ಟಿಸ್ಮಂಟ್, ಅಮೆರಿಕದಲ್ಲಿ ಸಾಮಾನ್ಯವಾಗಿ ಆ್ಯಡ್ವರ್ˈಟೈಸ್ಮಂಟ್. ಲ್ಯಾಬೊರೇಟರಿ ಬ್ರಿಟನ್ನಿನಲ್ಲಿ ಲˈಬಾರಟ್ರಿ, ಅಮೆರಿಕದಲ್ಲಿ ˈಲ್ಯಾಬ್ರಟೋರಿ. ಇಂಥವು ಕಮ್ಮಿ. ನಿಮ್ಮ ಮಾತು ಕೇಳುವವರು ಯಾವ ಕಡೆಯವರೋ ಆ ಗುಂಡಿ ಒತ್ತಿ ಕೇಳಿ, ಅಷ್ಟೇ.

ಹಂತ 4: ಭಾರ ಹಾಕುವುದನ್ನು ಕಲಿಯಿರಿ

ಭಾರ ಹಾಕುವುದು ಅಂದರೆ ಕೂಗುವುದಲ್ಲ. ಮೂರು ಕೆಲಸ ಒಟ್ಟಿಗೆ ಆಗಬೇಕು: ಆ ತುಂಡು ಸ್ವಲ್ಪ ಉದ್ದವಾಗಬೇಕು, ದನಿ ಸ್ವಲ್ಪ ಮೇಲೇರಬೇಕು, ಸ್ವರ ಸ್ಪಷ್ಟವಾಗಿ ಕೇಳಬೇಕು. ಇವುಗಳಲ್ಲಿ ನಮಗೆ ಸುಲಭವಾಗಿ ಬರುವುದು ಉದ್ದ, ಏಕೆಂದರೆ ದೀರ್ಘಾಕ್ಷರ ನಮಗೆ ಹುಟ್ಟಿನಿಂದಲೇ ಗೊತ್ತು. ಅದರಿಂದಲೇ ಶುರು ಮಾಡಿ.

ರಬ್ಬರ್ ಬ್ಯಾಂಡನ್ನು ಎರಡು ಹೆಬ್ಬೆರಳಿಗೆ ಸಿಕ್ಕಿಸಿಕೊಳ್ಳಿ. ಪದ ಹೇಳುತ್ತಾ ಭಾರದ ತುಂಡು ಬಂದಾಗ ಮಾತ್ರ ಎಳೆಯಿರಿ. ಹೋ, ಟೆಲ್ ಬರುವಾಗ ಎಳೆತ. ಸುಮ್ನೆ ಆಟದ ಥರ ಕಾಣುತ್ತದೆ, ಆದರೆ ಕೈ ಎಳೆದಾಗ ಬಾಯೂ ಎಳೆಯುತ್ತದೆ. ನಿಘಂಟಿನ ಧ್ವನಿ ಕೇಳಿ, ಎಳೆದುಕೊಂಡು ಹೇಳಿ, ಮತ್ತೆ ಕೇಳಿ. ದಿನಕ್ಕೆ ಐದೇ ಪದ ಸಾಕು.

ಇಲ್ಲಿ ಆಗುವ ದೊಡ್ಡ ತಪ್ಪು: ಭಾರ ಹಾಕಲು ಹೋಗಿ ಒತ್ತಕ್ಷರ ಮಾಡುವುದು. ಹೋˈಟೆಲ್ ಹೇಳಲು ಹೋಗಿ "ಹೊಟ್ಟೆಲ್" ಆಗುತ್ತದೆ. ಎಳೆಯಬೇಕಾದ್ದು ಸ್ವರವನ್ನು, ವ್ಯಂಜನವನ್ನಲ್ಲ. ಇದಕ್ಕೆ ಸ್ಪೆಲ್ಲಿಂಗೂ ಕುಮ್ಮಕ್ಕು ಕೊಡುತ್ತದೆ. ಇಂಗ್ಲಿಷಿನಲ್ಲಿ ಎರಡು ಟಿ, ಎರಡು ಎಂ, ಎರಡು ಪಿ ಬರೆದರೂ ಸದ್ದು ಒಂದೇ. ಲೆಟ್ಟರ್ ಅಲ್ಲ, ˈಲೆಟರ್. ಸಮ್ಮರ್ ಅಲ್ಲ, ˈಸಮರ್.

ಗಂಟಲು ನೋಯುತ್ತಿದ್ದರೆ ನೀವು ಕೂಗುತ್ತಿದ್ದೀರಿ ಅಂತ ಅರ್ಥ. ನಿಲ್ಲಿಸಿ, ದನಿ ಇಳಿಸಿ, ಉದ್ದದ ಮೇಲೆ ಮಾತ್ರ ಗಮನ ಕೊಡಿ.

ಹಂತ 5: ಉಳಿದ ತುಂಡುಗಳನ್ನು ಸಣ್ಣದು ಮಾಡಿ

ಹೆಚ್ಚಿನವರು ನಾಲ್ಕನೇ ಹಂತಕ್ಕೇ ನಿಲ್ಲುತ್ತಾರೆ, ಅದಕ್ಕೇ ಸೋಲುತ್ತಾರೆ. ಒಂದು ತುಂಡು ದೊಡ್ಡದಾಗಿ ಕೇಳಬೇಕಾದರೆ ಪಕ್ಕದವು ಸಣ್ಣದಾಗಬೇಕು. ಎಲ್ಲವೂ ದೊಡ್ಡದಾಗಿದ್ದರೆ ಭಾರ ಎಲ್ಲಿದೆ ಅಂತ ಕೇಳುವವರಿಗೆ ಗೊತ್ತಾಗುವುದು ಹೇಗೆ?

ಕನ್ನಡದಲ್ಲಿ ಪ್ರತಿ ಸ್ವರಕ್ಕೂ ಪೂರ್ತಿ ಮರ್ಯಾದೆ ಸಿಗುತ್ತದೆ. ಇಂಗ್ಲಿಷಿನಲ್ಲಿ ಭಾರ ಇಲ್ಲದ ತುಂಡಿನ ಸ್ವರ ಸೋಮಾರಿಯಾಗುತ್ತದೆ. ಸ್ಪೆಲ್ಲಿಂಗಿನಲ್ಲಿ ಎ, ಇ, ಓ, ಯು ಯಾವುದೇ ಇರಲಿ, ಬಾಯಲ್ಲಿ ಬರುವುದು ಹೆಚ್ಚಾಗಿ ಒಂದು ಪುಟ್ಟ "ಅ", ಇಲ್ಲವೇ ಒಂದು ಪುಟ್ಟ "ಇ". ನಿಘಂಟಿನಲ್ಲಿ ಆ ಪುಟ್ಟ "ಅ"ಗೆ ತಲೆಕೆಳಗಾದ ಇಂಗ್ಲಿಷ್ ಇ ಅಕ್ಷರದ ಗುರುತು. ಇಂಗ್ಲಿಷಿನಲ್ಲಿ ಎಲ್ಲಕ್ಕಿಂತ ಜಾಸ್ತಿ ಬರುವ ಸ್ವರ ಇದೇ. ಶಾಲೆಯಲ್ಲಿ ನಮಗೆ ಇದರ ಹೆಸರೂ ಹೇಳಿಕೊಡುವುದಿಲ್ಲ!

ಒಂದು ಕುಟುಂಬ ನೋಡಿ: ˈಫೋಟಗ್ರಾಫ್, ಫˈಟಾಗ್ರಫಿ, ಫೋಟˈಗ್ರ್ಯಾಫಿಕ್. ಮೊದಲನೆಯದರಲ್ಲಿ "ಫೋ" ದೊಡ್ಡದು, "ಟ" ಪುಟ್ಟದು. ಎರಡನೆಯದರಲ್ಲಿ "ಫೋ" ಕುಗ್ಗಿ "ಫ" ಆಯಿತು, "ಟಾ" ದೊಡ್ಡದಾಯಿತು. ಭಾರ ಜರುಗಿದ ಹಾಗೆಲ್ಲ ಸ್ವರಗಳೂ ಬದಲಾಗುತ್ತವೆ.

ನಮಗೆ ಅತಿ ದೊಡ್ಡ ಗುಂಡಿ ಇರುವುದು "ಏ"ಯಲ್ಲಿ. ಕಾಲೇಜ್, ವಿಲೇಜ್, ಮೆಸೇಜ್, ಪ್ಯಾಕೇಜ್, ಮ್ಯಾನೇಜರ್. ಕನ್ನಡದಲ್ಲಿ ಇವನ್ನು ದೀರ್ಘ ಹಾಕಿ ಬರೆಯುತ್ತೇವೆ. ದೀರ್ಘ ಕಂಡ ಕೂಡಲೇ ಭಾರ ಅಲ್ಲಿಗೆ ಓಡುತ್ತದೆ. ಇಂಗ್ಲಿಷಿನಲ್ಲಿ ಭಾರ ಮೊದಲ ತುಂಡಿಗೆ, ಮತ್ತು ಆ "ಏ" ಇಲ್ಲವೇ ಇಲ್ಲ: ˈಕಾಲಿಜ್, ˈವಿಲಿಜ್, ˈಮೆಸಿಜ್, ˈಪ್ಯಾಕಿಜ್, ˈಮ್ಯಾನಿಜರ್. ಇದೇ ಸಾಲಿಗೆ ˈಪ್ರೈವಟ್, ˈಕ್ಲೈಮಟ್, ˈಪರ್ಚಸ್ ಸೇರಿಸಿಕೊಳ್ಳಿ. ನಮ್ಮ ಬಾಯಲ್ಲಿ ಇವು ಪ್ರೈವೇಟ್, ಕ್ಲೈಮೇಟ್, ಪರ್ಚೇಸ್. ಈ ಒಂದು ಗುಂಪು ಸರಿಮಾಡಿಕೊಂಡರೆ ಆಫೀಸಿನ ಮಾತಿನಲ್ಲಿ ಬೇಗ ವ್ಯತ್ಯಾಸ ಕಾಣುತ್ತದೆ. ಕನ್ನಡ ಮಾತಾಡುವಾಗ ಮಾತ್ರ ಕಾಲೇಜು ಕಾಲೇಜೇ ಆಗಿರಲಿ. "ನಮ್ಮ ಕಾಲಿಜ್‌ಗೆ ಹೋಗಿದ್ದೆ" ಅಂದರೆ ಗೆಳೆಯರು ಬಿಡುವುದಿಲ್ಲ.

ಸಣ್ಣದು ಮಾಡಿ ಅಂದರೆ ನುಂಗಿ ಅಂತಲ್ಲ. ಪˈಲೀಸ್‌ನ "ಪ" ನುಂಗಿದರೆ "ಪ್ಲೀಸ್" ಆಗುತ್ತದೆ. ಸˈಪೋರ್ಟ್‌ನ "ಸ" ನುಂಗಿದರೆ "ಸ್ಪೋರ್ಟ್". ತುಂಡು ಇರಬೇಕು, ಪುಟ್ಟದಾಗಿ ಇರಬೇಕು.

ಹಂತ 6: ನಿಯಮ ಇರುವ ಕಡೆ ನಿಯಮ ಹಿಡಿಯಿರಿ

ಪ್ರತಿ ಪದಕ್ಕೂ ನಿಘಂಟು ನೋಡಬೇಕಾಗಿಲ್ಲ. ಪದದ ಬಾಲ ನೋಡಿದರೆ ಕೆಲವು ಗೊತ್ತಾಗುತ್ತವೆ.

"ಶನ್" ಬಾಲ ಇದ್ದರೆ ಅದರ ಹಿಂದಿನ ತುಂಡಿಗೆ ಭಾರ: ಎಜುˈಕೇಶನ್, ಅಪ್ಲಿˈಕೇಶನ್. "ಇಟಿ" ಬಾಲಕ್ಕೂ ಹಾಗೆಯೇ, ಹಿಂದಿನ ತುಂಡು: ಸಿˈಕ್ಯೂರಿಟಿ. "ಇಕ್" ಬಾಲಕ್ಕೂ: ಎಕˈನಾಮಿಕ್, ಇˈಲೆಕ್ಟ್ರಿಕ್. ಆದರೆ ˈಪಾಲಿಟಿಕ್ಸ್ ಈ ಮಾತು ಕೇಳುವುದಿಲ್ಲ. "ಲಜಿ", "ಗ್ರಫಿ" ಬಾಲಗಳಲ್ಲಿ ಅವಕ್ಕೆ ಅಂಟಿಕೊಂಡ ಹಿಂದಿನ ತುಂಡು: ಟೆಕ್ˈನಾಲಜಿ, ಫˈಟಾಗ್ರಫಿ. "ಈಯರ್" ಮತ್ತು ಜನರನ್ನು ಹೇಳುವ "ಈಸ್" ಬಾಲಗಳಿಗೆ ಭಾರ ಬಾಲದ ಮೇಲೆಯೇ: ವಾಲನ್ˈಟಿಯರ್, ಜಾಪˈನೀಸ್.

"ಮೆಂಟ್", "ನೆಸ್", "ಲಿ", "ಇಂಗ್", "ಅರ್" ಬಾಲಗಳು ಭಾರವನ್ನು ಜರುಗಿಸುವುದಿಲ್ಲ. ಡಿˈವೆಲಪ್ ಇದ್ದದ್ದು ಡಿˈವೆಲಪ್ಮಂಟ್ ಆಗುತ್ತದೆ. ˈಮ್ಯಾನಿಜ್ ಇದ್ದದ್ದು ˈಮ್ಯಾನಿಜ್ಮಂಟ್. ಮೇಲೆ ಹೇಳಿದ ಅಡ್ವರ್ಟೈಸ್‌ಮೆಂಟ್ ಮಾತ್ರ ಬ್ರಿಟನ್, ಅಮೆರಿಕ ಎರಡು ಕಡೆಯೂ ಇಲ್ಲಿ ಅಪವಾದ.

ಹೆಸರು ಮತ್ತು ಕೆಲಸ. ಎರಡು ತುಂಡಿನ ಕೆಲವು ಪದಗಳು ವಸ್ತುವಿನ ಹೆಸರಾದಾಗ ಭಾರ ಮೊದಲ ತುಂಡಿಗೆ, ಕ್ರಿಯೆಯಾದಾಗ ಎರಡನೆಯದಕ್ಕೆ. ಫೈಲ್ ಅನ್ನುವ ಅರ್ಥಕ್ಕೆ ˈರೆಕಾರ್ಡ್, ದಾಖಲಿಸು ಅನ್ನುವುದಕ್ಕೆ ರಿˈಕಾರ್ಡ್. ಉಡುಗೊರೆಗೆ ˈಪ್ರೆಜಂಟ್, ಮಂಡಿಸುವುದಕ್ಕೆ ಪ್ರಿˈಜೆಂಟ್. ˈಪರ್ಮಿಟ್ ಕಾಗದ, ಪರ್ˈಮಿಟ್ ಅನುಮತಿ ಕೊಡುವುದು. ಈ ನಿಯಮ ಕಲಿತ ಮೇಲೆ ಎಲ್ಲ ಪದಕ್ಕೂ ಹಾಕುವ ಚಟ ಹತ್ತುತ್ತದೆ. ಹಾಕಬೇಡಿ. ರಿˈಪೋರ್ಟ್, ರಿˈಪ್ಲೈ, ಸˈಪೋರ್ಟ್ ಎರಡೂ ಅರ್ಥಕ್ಕೆ ಒಂದೇ ಥರ.

ಜೋಡಿ ಪದಗಳು. ಎರಡು ಪದ ಸೇರಿ ಒಂದು ವಸ್ತುವಾದರೆ ಭಾರ ಸಾಮಾನ್ಯವಾಗಿ ಮೊದಲನೆಯದಕ್ಕೆ: ˈಪಾಸ್‌ವರ್ಡ್, ˈಕ್ರೆಡಿಟ್ ಕಾರ್ಡ್, ˈಬಸ್ ಸ್ಟಾಪ್. ಗಿಡ ಬೆಳೆಸುವ ಹಸಿರುಮನೆ ˈಗ್ರೀನ್‌ಹೌಸ್. ಹಸಿರು ಬಣ್ಣ ಬಳಿದ ಮನೆಯಾದರೆ ಗ್ರೀನ್ ˈಹೌಸ್. ಇಂಗ್ಲಿಷ್ ಪಾಠ ಮಾಡುವವರು ˈಇಂಗ್ಲಿಷ್ ಟೀಚರ್. ಇಂಗ್ಲೆಂಡಿನಿಂದ ಬಂದ ಟೀಚರ್ ಇಂಗ್ಲಿಷ್ ˈಟೀಚರ್.

ಅಕ್ಷರ ಅಕ್ಷರ ಹೇಳುವ ಹೆಸರುಗಳಲ್ಲಿ ಕೊನೆಯ ಅಕ್ಷರಕ್ಕೆ ಭಾರ: ಎಚ್ˈಆರ್, ಐˈಟಿ, ಪಿಡಿˈಎಫ್, ಯುಎಸ್ˈಎ.

ಸಂಖ್ಯೆಗಳು. ದುಡ್ಡಿನ ವಿಷಯ, ಆದ್ದರಿಂದ ಸ್ವಲ್ಪ ನಿಲ್ಲಿ. 15 ಫಿಫ್ˈಟೀನ್. 50 ˈಫಿಫ್ಟಿ. ನಾವು ಎರಡಕ್ಕೂ ಮೊದಲ ತುಂಡಿಗೇ ಭಾರ ಹಾಕಿ, ಕೊನೆಯ "ನ್" ಅನ್ನೂ ಮೆತ್ತಗೆ ಬಿಟ್ಟರೆ ಕೇಳುವವರಿಗೆ 15 ಹೋಗಿ 50 ಆಗುತ್ತದೆ. ಇದರಲ್ಲಿ ಒಂದು ತಿರುವೂ ಇದೆ. ಮುಂದೆ ಭಾರದ ಪದ ಬಂದರೆ ಇಂಗ್ಲಿಷಿನವರೇ "ˈಫಿಫ್ಟೀನ್ ˈಡಾಲರ್ಸ್" ಅಂತ ಭಾರವನ್ನು ಮೊದಲ ತುಂಡಿಗೆ ತರುತ್ತಾರೆ. ಹಾಗಾಗಿ "ಟೀನ್" ದೀರ್ಘವನ್ನು ಬಿಡಲೇಬೇಡಿ. ಬೆಲೆ, ದಿನಾಂಕ, ಔಷಧದ ಪ್ರಮಾಣ ಹೇಳುವಾಗ ಜೊತೆಗೆ "ಒನ್ ಫೈವ್" ಅಂತ ಬಿಡಿಸಿ ಹೇಳಿ. ಹೀಗೆ ಹೇಳುವುದರಲ್ಲಿ ನಾಚಿಕೆಯೇನಿಲ್ಲ.

ಹಂತ 7: ವಾಕ್ಯದಲ್ಲಿ ಭಾರ, ಅಂದರೆ ನಮ್ಮ "ಏ"

ಇಲ್ಲಿ ಕನ್ನಡ ನಿಮ್ಮ ಸಹಾಯಕ್ಕೆ ಬರುತ್ತದೆ. "ನಾನೇ ಬರ್ತೀನಿ" ಅಂದರೆ ಬೇರೆ ಯಾರೂ ಅಲ್ಲ. "ನಾಳೆಯೇ ಬರ್ತೀನಿ" ಅಂದರೆ ನಾಡಿದ್ದು ಅಲ್ಲ. "ಬಂದೇ ಬರ್ತೀನಿ" ಅಂದರೆ ತಪ್ಪಿಸಲ್ಲ. ಒತ್ತಿ ಹೇಳುವ ಕೆಲಸವನ್ನು ನಮ್ಮಲ್ಲಿ "ಏ" ಮಾಡುತ್ತದೆ. ಇಂಗ್ಲಿಷಿನಲ್ಲಿ ಅದೇ ಕೆಲಸ ದನಿಯ ಭಾರದ್ದು: "ˈಐ ವಿಲ್ ಕಮ್", "ಐ ವಿಲ್ ಕಮ್ ಟುˈಮಾರೊ", "ಐ ˈವಿಲ್ ಕಮ್".

ನಮಗೆ ಇದು ಗೊತ್ತಿಲ್ಲದೆ "ಏ"ಯನ್ನು "ಓನ್ಲಿ" ಮಾಡಿ ಹಾಕುತ್ತೇವೆ. "ಐ ಓನ್ಲಿ ವಿಲ್ ಕಮ್", "ಟುಮಾರೊ ಓನ್ಲಿ ಐ ವಿಲ್ ಕಮ್". ಬೆಂಗಳೂರಿನಲ್ಲಿ ನಡೆಯುತ್ತದೆ, ಲಂಡನ್ನಿನಲ್ಲಿ ಗೊಂದಲವಾಗುತ್ತದೆ. ಅಭ್ಯಾಸ ಹೀಗೆ ಮಾಡಿ: ಮೊದಲು ವಾಕ್ಯವನ್ನು ಕನ್ನಡದಲ್ಲಿ ಯೋಚಿಸಿ, "ಏ" ಎಲ್ಲಿ ಬಿತ್ತು ನೋಡಿ, ಇಂಗ್ಲಿಷಿನಲ್ಲಿ ಆ ಪದಕ್ಕೆ ಭಾರ ಹಾಕಿ, "ಓನ್ಲಿ" ತೆಗೆದುಹಾಕಿ.

ವಿಶೇಷವಾಗಿ ಒತ್ತಿ ಹೇಳುವುದೇನೂ ಇಲ್ಲದ ಸಾದಾ ವಾಕ್ಯದಲ್ಲಿ ಅರ್ಥ ಹೊರುವ ಪದಗಳಿಗೆ ಮಾತ್ರ ಭಾರ. "ಐ ವಾಂಟ್ ಟು ˈಟಾಕ್ ಟು ದ ˈಮ್ಯಾನಿಜರ್ ಅಬೌಟ್ ದ ˈಬಿಲ್". ಟು, ದ, ಅಬೌಟ್ ಎಲ್ಲ ಪುಟ್ಟದಾಗಿ ಸರಿದುಹೋಗಬೇಕು. ಪ್ರತಿ ಪದಕ್ಕೂ ಭಾರ ಹಾಕಿದರೆ ಕೋಪ ಮಾಡಿಕೊಂಡ ಹಾಗೆ ಕೇಳುತ್ತದೆ.

ಒಂದು ಅಪಾಯದ ಜಾಗ: ಕ್ಯಾನ್ ಮತ್ತು ಕಾಂಟ್. "ಮಾಡಬಲ್ಲೆ" ಅನ್ನುವಾಗ ಅದು ಪುಟ್ಟ "ಕನ್" ಆಗುತ್ತದೆ: "ಐ ಕನ್ ˈಡೂ ಇಟ್". "ಆಗಲ್ಲ" ಅನ್ನುವುದಕ್ಕೆ ಭಾರ ಬೀಳುತ್ತದೆ. ಅಮೆರಿಕದವರು ಅದನ್ನು "ˈಕ್ಯಾಂಟ್" ಅನ್ನುತ್ತಾರೆ, ಕೊನೆಯ "ಟ್" ಅರ್ಧ ಕೇಳುವುದೇ ಇಲ್ಲ. ನೀವು ಉತ್ಸಾಹದಲ್ಲಿ "ಐ ˈಕ್ಯಾನ್ ಡೂ ಇಟ್" ಅಂತ ಜೋರು ಮಾಡಿದರೆ ಅವರಿಗೆ "ಆಗಲ್ಲ" ಅಂತ ಕೇಳಿಸಬಹುದು. ಅನುಮಾನ ಬಂದರೆ "ಯೆಸ್" ಸೇರಿಸಿ ಹೇಳಿ. ಆಗಲ್ಲ ಅನ್ನುವುದಕ್ಕೆ "ಕ್ಯಾನಾಟ್" ಅಂತ ಬಿಡಿಸಿ ಹೇಳಿ.

ಹಂತ 8: ಈಗ ಬೇಕಾದರೆ ಸದ್ದುಗಳು

ಒತ್ತು ಸರಿಯಾದ ಮೇಲೆ ಮಾತ್ರ ಇಲ್ಲಿಗೆ ಬನ್ನಿ. ಮೂರು ಸಾಕು. ಪದದ ಶುರುವಿನಲ್ಲಿ ಯಕಾರ, ವಕಾರ ಅಂಟಿಸಬೇಡಿ: "ಯೆವೆರಿ" ಅಲ್ಲ ˈಎವ್ರಿ, "ವೋನ್ಲಿ" ಅಲ್ಲ ˈಓನ್ಲಿ. ವಿ ಅಕ್ಷರಕ್ಕೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು. ಡಬ್ಲ್ಯು ಅಕ್ಷರಕ್ಕೆ ಹಲ್ಲು ತಾಗಬಾರದು, ತುಟಿ ಗುಂಡಗಾಗಬೇಕು. ಜ಼ೆಡ್ ಸದ್ದಿಗೆ "ಸ" ಹೇಳುವ ಹಾಗೆ ನಾಲಿಗೆ ಇಟ್ಟು ಗಂಟಲಿನಿಂದ ದನಿ ಹೊರಡಿಸಿ.

ಹಂತ 9: ರೆಕಾರ್ಡ್ ಮಾಡಿ ಪರೀಕ್ಷಿಸಿ

ಓದುವುದನ್ನಲ್ಲ, ಮಾತಾಡುವುದನ್ನು ರೆಕಾರ್ಡ್ ಮಾಡಿ. ಓದುವಾಗ ಎಲ್ಲರೂ ಎಚ್ಚರವಾಗಿರುತ್ತಾರೆ. ನಿನ್ನೆ ಮಾಡಿದ ಕೆಲಸವನ್ನು ಎರಡು ನಿಮಿಷ ಇಂಗ್ಲಿಷಿನಲ್ಲಿ ಹೇಳಿ. ಕೂಡಲೇ ಕೇಳಬೇಡಿ, ಮರುದಿನ ಕೇಳಿ. ಆಗ ಕಿವಿ ಸ್ವಲ್ಪ ಬೇರೆಯವರ ಕಿವಿಯಾಗಿರುತ್ತದೆ. ಪಟ್ಟಿಯ ಪದ ಬಂದಾಗಲೆಲ್ಲ ಭಾರ ಎಲ್ಲಿ ಬಿತ್ತು ಅಂತ ಗುರುತು ಹಾಕಿಕೊಳ್ಳಿ.

ಫೋನಿನ ವಾಯ್ಸ್ ಟೈಪಿಂಗ್‌ನಿಂದ ಪರೀಕ್ಷೆ ಮಾಡುವವರಿಗೆ ಒಂದು ಎಚ್ಚರಿಕೆ. ಭಾಷೆಯನ್ನು ಇಂಗ್ಲಿಷ್ ಇಂಡಿಯಾ ಅಂತ ಇಟ್ಟರೆ ಅದು ನಮ್ಮ ಮಾತಿಗೇ ಹೊಂದಿಕೊಂಡಿರುತ್ತದೆ, ತಪ್ಪೂ ಪಾಸಾಗಿಬಿಡಬಹುದು. ಅಮೆರಿಕ ಅಥವಾ ಬ್ರಿಟನ್ ಅಂತ ಬದಲಿಸಿ. ಪೂರ್ತಿ ವಾಕ್ಯ ಹೇಳಿದರೆ ಅದು ಸಂದರ್ಭ ನೋಡಿ ಊಹಿಸಿಬಿಡುತ್ತದೆ. ಒಂಟಿ ಪದ ಹೇಳಿ ನೋಡಿ.

ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆ ಬರೆಯುವವರಿಗೆ: ಮಾತಿನ ಪರೀಕ್ಷೆಯಲ್ಲಿ ಅಂಕ ಕೊಡುವ ನಾಲ್ಕು ವಿಷಯಗಳಲ್ಲಿ ಉಚ್ಚಾರ ಒಂದು. ಅಲ್ಲಿ ನೋಡುವುದು ಮಾತು ಅರ್ಥವಾಗುತ್ತದೆಯೇ, ಒತ್ತು ಮತ್ತು ಲಯ ಸರಿಯಿದೆಯೇ ಅನ್ನುವುದನ್ನು. ಬ್ರಿಟಿಷರ ಹಾಗೆ ನಟಿಸಿದ್ದಕ್ಕೆ ಅಂಕವಿಲ್ಲ. ನಟನೆ ನಡುವೆ ಕಳಚಿಬಿದ್ದರೆ ಮಾತು ತಡವರಿಸುತ್ತದೆ, ನಿರರ್ಗಳತೆಯ ಅಂಕವೂ ಹೋಗುತ್ತದೆ.

ದಾರಿ ತಪ್ಪುತ್ತಿರುವ ಸೂಚನೆಗಳು

ಕನ್ನಡ ಮಾತಾಡುವಾಗಲೂ ರಕಾರ ಸುರುಳಿ ಸುತ್ತುತ್ತಿದೆ ಅಂದರೆ ನೀವು ಧಾಟಿ ನಕಲು ಮಾಡುತ್ತಿದ್ದೀರಿ, ಒತ್ತು ಕಲಿಯುತ್ತಿಲ್ಲ. ಮೊದಲಿಗಿಂತ ವೇಗವಾಗಿ ಮಾತಾಡುತ್ತಿದ್ದೀರಾ? ವೇಗದಲ್ಲಿ ಭಾರ ಮಾಯವಾಗುತ್ತದೆ, ಹಿಂದಿನ ತಪ್ಪುಗಳೆಲ್ಲ ಮರಳುತ್ತವೆ. ಕೇಳುವವರು ಪ್ರತಿ ಸಲ ಅದೇ ಪದಕ್ಕೆ "ಸಾರಿ?" ಅಂದರೆ ಚಿಂತೆಯಿಲ್ಲ, ಆ ಪದ ಒಂದನ್ನು ರಿಪೇರಿ ಮಾಡಿ. ಬೇರೆ ಬೇರೆ ಪದಕ್ಕೆ ಕೇಳುತ್ತಿದ್ದರೆ ತೊಂದರೆ ಐದನೇ ಹಂತದಲ್ಲಿದೆ. ಸಣ್ಣ ತುಂಡುಗಳು ಸಣ್ಣದಾಗುತ್ತಿಲ್ಲ.

ಇನ್ನೊಂದು ಮಾತು. ನಿಮ್ಮ ಜೊತೆ ಮಾತಾಡುವವರೆಲ್ಲ ಭಾರತೀಯರೇ ಆಗಿದ್ದರೆ ಇಷ್ಟೆಲ್ಲ ಬೇಕಾಗಿಯೇ ಇಲ್ಲ. ಹುಬ್ಬಳ್ಳಿಯವರ ಇಂಗ್ಲಿಷ್ ಪುಣೆಯವರಿಗೆ ಚೆನ್ನಾಗಿಯೇ ಅರ್ಥವಾಗುತ್ತದೆ. ಅಲ್ಲಿ ˈಮ್ಯಾನಿಜರ್ ಅಂದು ಜಂಬ ತೋರಿಸಿದರೆ ಕಿರಿಕಿರಿಯೇ ಜಾಸ್ತಿ.

ಹಂತ 10: ಕಾಲ್ ನಡೆಯುವಾಗಲೇ ಸಿಕ್ಕಿಹಾಕಿಕೊಂಡರೆ

ಎಷ್ಟು ಅಭ್ಯಾಸ ಮಾಡಿದರೂ ಒಂದು ದಿನ "ಸಾರಿ?" ಬರುತ್ತದೆ. ಆಗ ಹೆಚ್ಚಿನವರು ಪೂರ್ತಿ ವಾಕ್ಯವನ್ನು ಅದೇ ಥರ, ಇನ್ನೂ ಜೋರಾಗಿ ಹೇಳುತ್ತಾರೆ. ತಪ್ಪು ಒತ್ತು ಜೋರಾದರೆ ಸರಿಯಾಗುವುದಿಲ್ಲ.

ಮೊದಲ ಸಲ: ವಾಕ್ಯ ಬಿಡಿ, ಮುಖ್ಯ ಪದ ಒಂದನ್ನೇ ನಿಧಾನವಾಗಿ ಹೇಳಿ. ಭಾರದ ತುಂಡನ್ನು ಮಾಮೂಲಿಗಿಂತ ಉದ್ದ ಎಳೆಯಿರಿ.

ಎರಡನೇ ಸಲ: ಪದ ಬದಲಿಸಿ. ˈಪರ್ಚಸ್ ಅರ್ಥವಾಗದಿದ್ದರೆ "ಬೈ" (buy) ಅನ್ನಿ. ಒಂದು ತುಂಡಿನ ಪದದಲ್ಲಿ ಒತ್ತು ತಪ್ಪುವ ಪ್ರಶ್ನೆಯೇ ಇಲ್ಲ. ಹೀಗಾಗಿ ಪಟ್ಟಿಯ ಪ್ರತಿ ಕಷ್ಟದ ಪದದ ಪಕ್ಕದಲ್ಲಿ ಒಂದು ಸುಲಭದ ಪದ ಬರೆದಿಟ್ಟುಕೊಳ್ಳಿ.

ಹೆಸರುಗಳಿಗೆ ಬದಲಿ ಪದ ಇರುವುದಿಲ್ಲ. ನಿಮ್ಮ ಹೆಸರನ್ನು ಇಂಗ್ಲಿಷಿನವರ ರೀತಿ ತಿರುಚಬೇಡಿ. ಮನೆಯಲ್ಲಿ ಕರೆಯುವ ಹಾಗೆಯೇ, ನಿಧಾನವಾಗಿ ಹೇಳಿ, ನಂತರ ಅಕ್ಷರ ಬಿಡಿಸಿ. ಫೋನಿನಲ್ಲಿ ಎಂ ಮತ್ತು ಎನ್, ಬಿ ಮತ್ತು ವಿ ಒಂದೇ ಥರ ಕೇಳುತ್ತವೆ. ಅದಕ್ಕೆ "ಎಂ ಫಾರ್ ಮೈಕ್, ಎನ್ ಫಾರ್ ನವೆಂಬರ್, ಬಿ ಫಾರ್ ಬ್ರಾವೊ, ವಿ ಫಾರ್ ವಿಕ್ಟರ್" ಅನ್ನುವ ಪದ್ಧತಿ ಬಳಸಿ. ವಿಮಾನದವರು ಬಳಸುವುದೂ ಇದನ್ನೇ, ಎಲ್ಲ ದೇಶದವರಿಗೂ ಪರಿಚಿತ. ನಿಮ್ಮ ಹೆಸರು, ಊರು, ಮೇಲ್ ವಿಳಾಸ ಮೂರನ್ನೂ ಹೀಗೆ ಬಿಡಿಸಿ ಹೇಳಲು ಮೊದಲೇ ಬಾಯಿಪಾಠ ಮಾಡಿಟ್ಟುಕೊಳ್ಳಿ.

ಮೂರನೇ ಸಲವೂ ಗೊತ್ತಾಗದಿದ್ದರೆ ಚಾಟ್‌ನಲ್ಲಿ ಟೈಪ್ ಮಾಡಿ ಮುಂದಿನ ವಿಷಯಕ್ಕೆ ಹೋಗಿ.